ಹಾಯಿದೋಣಿಯ ವೈರಿಂಗ್ ಮತ್ತು ಕ್ಯಾಬಿನ್ ಕೆಲಸ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ನಮ್ಮ ಹಾಯಿದೋಣಿಯ ಕ್ಯಾಬಿನ್ನಿಗೆ ಒಳಹಲಗೆ ಕೂರಿಸುವ ಮೊದಲೇ 12 ವೋಲ್ಟ್ ವೈರಿಂಗ್ ಪೂರ್ತಿಯಾಗಬೇಕು. ಸಾಮಾನ್ಯ ತಾಮ್ರದ ತಂತಿಯು ಉಪ್ಪುಗಾಳಿಗೆ ಬೇಗ ಕಿಲುಬು ಹಿಡಿದು ವಿದ್ಯುತ್ತಿಗೆ ತಡೆಯೊಡ್ಡುವುದರಿಂದ, ಬೆಲೆ ಹೆಚ್ಚಾದರೂ ತವರ ಲೇಪಿಸಿದ, ಹಲವು ಎಳೆಗಳ ತಂತಿಯನ್ನೇ ತರಬೇಕು. ಇದರಲ್ಲಿ ಉಳಿತಾಯ ನೋಡುವುದು ಬೇಡ. ಮುಖ್ಯ ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು, ಏಕೆಂದರೆ ಅವೆರಡರ ನಡುವಿನ ತಂತಿಗೆ ಬೇರೆ ರಕ್ಷಣೆಯಿಲ್ಲ. ಇತರ ದೋಣಿಗಳೊಡನೆ ಹಾಗೂ ದಡದೊಡನೆ ಮಾತನಾಡಲು ಬಳಸುವ ವಿಎಚ್‌ಎಫ್ ರೇಡಿಯೊದ ಸ್ಪೀಕರಿನಲ್ಲಿರುವ ಅಯಸ್ಕಾಂತ ದಿಕ್ಸೂಚಿಯ ದಿಕ್ಕನ್ನೇ ತಪ್ಪಿಸಬಲ್ಲದಾದ್ದರಿಂದ ಎರಡನ್ನೂ ಪರಸ್ಪರ ದೂರವಿರಿಸಿ.

ಮರೈನ್ ಪ್ಲೈವುಡ್ಡಿನ ಕತ್ತರಿಸಿದ ಅಂಚುಗಳಿಗೂ ತಿರುಪಿನ ರಂಧ್ರಗಳಿಗೂ ನೀರು ಒಳಹೋಗದಂತೆ ಎಪಾಕ್ಸಿ (ಗಟ್ಟಿಯಾಗುವ ರಾಳ) ಹಚ್ಚಿ, ಅದು ಪೂರ್ಣವಾಗಿ ಗಟ್ಟಿಯಾದ ಬಳಿಕವಷ್ಟೇ ವಾರ್ನಿಷ್ ಬಳಿಯತಕ್ಕದ್ದು. ತಂತಿ ಹಾದುಹೋಗುವ ಕಡೆಯ ಹಲಗೆಗಳನ್ನು, ಮುಂದೆ ರಿಪೇರಿಗೆ ಬಿಚ್ಚಲು ಅನುಕೂಲವಾಗುವಂತೆ, ಅಂಟಿಸದೆ ಸ್ಟೇನ್‌ಲೆಸ್ ತಿರುಪಿನಿಂದಲೇ ಬಿಗಿಯಬೇಕೆಂದು ಕೋರಲಾಗಿದೆ.