ದುಬೈಯಲ್ಲಿದ್ದ ಆ ಪುಣ್ಯಾತ್ಮರಿಗೆ

ಕಳೆದ ಜುಲೈನಲ್ಲಿ ನನ್ನ ತಮ್ಮ ದುಬೈಯಲ್ಲಿ ತೀರಿಕೊಂಡ. ಹೃದಯಾಘಾತ. ಇತ್ತ ವಿರಾಜಪೇಟೆಯಲ್ಲಿ ಜೋರು ಮಳೆ, ಕರೆಂಟಿಲ್ಲ, ಅವನ ಕಂಪನಿಯವರು ಫೋನೇ ಎತ್ತುತ್ತಿಲ್ಲ. ಆಗ ಪಕ್ಕದ ರೂಮಿನ ನೀವು ಫೋನ್ ಮಾಡಿದಿರಿ. ಮಂಗಳೂರು ಕಡೆಯ ಕನ್ನಡ. "ಅಕ್ಕ, ಹೆದರಬೇಡಿ, ಕಾಗದದ ಕೆಲಸ ನಾನು ನೋಡ್ತೇನೆ."

ಅದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ಮರಣ ಪ್ರಮಾಣಪತ್ರ, ಪೊಲೀಸರ ಪತ್ರ, ಭಾರತದ ಕಾನ್ಸುಲೇಟ್‌ನಲ್ಲಿ ಪಾಸ್‌ಪೋರ್ಟ್ ರದ್ದು, ದೇಹ ಕೆಡದಂತೆ ಎಂಬಾಮಿಂಗ್, ಆಮೇಲೆ ವಿಮಾನದ ಕಾರ್ಗೋ ಬುಕಿಂಗ್, ಎಲ್ಲಕ್ಕೂ ರಜೆ ಹಾಕಿ ಓಡಾಡಿದಿರಿ. ಒಂದೊಂದು ಮುಗಿದಾಗಲೂ ವಾಯ್ಸ್ ಮೆಸೇಜ್, ಕೊನೆಗೆ ಅದೇ ಪ್ರಶ್ನೆ: "ಅಮ್ಮ ಏನಾದ್ರೂ ತಿಂದ್ರಾ?" ಅದನ್ನು ಕೇಳಿಸಿದ ಮೇಲೆಯೇ ಅಮ್ಮ ನಾಲ್ಕು ಗುಟುಕು ಗಂಜಿ ಕುಡಿದದ್ದು.

ಐದನೇ ದಿನ ತಮ್ಮ ಕಣ್ಣೂರು ಏರ್‌ಪೋರ್ಟಿಗೆ ಬಂದ. ಮಾಕುಟ್ಟ ಘಾಟಿಯ ಮಂಜಿನಲ್ಲಿ ಆಂಬುಲೆನ್ಸ್ ನಿಧಾನಕ್ಕೆ ಹತ್ತುವಾಗ, ಅದೇ ವಿಮಾನದಲ್ಲಿ ಬಂದವರ ಕೈಯಲ್ಲಿ ನೀವು ಕಳಿಸಿದ್ದ ಕವರ್ ತೆರೆದೆ. ಅವನ ವಾಚು, ಎಣಿಸಿ ಬರೆದಿಟ್ಟ ಹಣ, ಅಮ್ಮನ ಫೋಟೋ. ಫೋಟೋಗೆ ಮಾತ್ರ ಪ್ಲಾಸ್ಟಿಕ್ ಸುತ್ತಿದ್ದಿರಿ. ನಮ್ಮೂರ ಮಳೆ ನಿಮಗೆ ಗೊತ್ತಿತ್ತು, ಅಲ್ವಾ?

ಹೆಸರು ಕೇಳಿದರೆ "ಅದೆಲ್ಲ ಯಾಕೆ ಅಕ್ಕ" ಅಂದಿರಿ. ಈಗ ಆ ನಂಬರ್ ಸಿಗುತ್ತಿಲ್ಲ. ಅಮ್ಮ ನಿಮಗಾಗಿ ಒಂದು ಬಾಟಲಿ ಜೇನು ತೆಗೆದಿಟ್ಟಿದ್ದಾರೆ. ಊರಿಗೆ ಬಂದಾಗ ಮನೆಗೆ ಬನ್ನಿ.