ಮೂರನೇ ಮಹಡಿಯ ತೆಯ್ಜೆಗೆ

ಮೊನ್ನೆ ಫಲಿತಾಂಶ ಬಂತು. ನಾನೀಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಟೀಚರ್. ಹೊಸದಾಗಿ ಆ ದೇಶಕ್ಕೆ ಬಂದ ಮಕ್ಕಳನ್ನು ಅಲ್ಲಿ 'ಫೋರ್‌ಬೆರೈಟುಂಗ್ಸ್‌ಕ್ಲಾಸ್ಸೆ'ಯಲ್ಲಿ ಕೂರಿಸುತ್ತಾರೆ, ಅಂದ್ರೆ ತಯಾರಿ ತರಗತಿ. ಅವರಿಗೆ ಜರ್ಮನ್ ಕಲಿಸೋ ಕೆಲಸ ನನ್ನದು. ಇದನ್ನ ವಿಜಯಪುರದ ನಮ್ಮ ಮನೆ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗಿನಿಂದ ಓಣಿಯವರು ಬಂದು ಬಾಯಿಗೆ ಪೇಢೆ ಹಾಕಿ ಹೋಗುತ್ತಿದ್ದಾರೆ.

2006ರಲ್ಲಿ ಇದೇ ಕಟ್ಟೆ ಇಳಿದು ಹೊರಟಾಗ ನನಗೆ ಒಂಬತ್ತು ವರ್ಷ. ಅಪ್ಪ, ಅವ್ವ, ಯಾರು ಆ ಕಡೆ ಬಂದರೂ ಅವರ ಕೈಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ ಸೋದರಮಾವ, ಫೋನಿನಲ್ಲಿ ನನ್ನ ಕನ್ನಡ ಉಳಿಸಿದ ಅಜ್ಜಿ, ಜೊತೆಗೆ ಓದಿದ ಗೆಳತಿಯರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ಇವತ್ತು ಜಾಸ್ತಿ ಬರೆಯಬೇಕಾದದ್ದು ಒಬ್ಬರ ಬಗ್ಗೆ.

ಅಲ್ಲಿನ ಮೊದಲ ಚಳಿಗಾಲದ ಒಂದು ರಾತ್ರಿ ಅವ್ವ ಬಿದ್ದುಬಿಟ್ಟದ್ದು ನಿಮಗೆಲ್ಲ ಗೊತ್ತು. ಅಪ್ಪ ಊರಲ್ಲಿರಲಿಲ್ಲ. ಗೋಡೆ ಮೇಲೆ 112 ಅಂತ ಬರೆದಿಟ್ಟಿದ್ದರು. ಒತ್ತಿದೆ. ಆ ಕಡೆಯವರು ಏನೋ ಕೇಳಿದರು, ಮತ್ತೆ ಕೇಳಿದರು. 'ಮಾಮಾ' ಅಂದೆ, ಅವರ ಮಾತಲ್ಲಿ ಅವ್ವ. ಮುಂದೆ ಮಾತೇ ಇರಲಿಲ್ಲ. ನಾಲ್ಕು ತಿಂಗಳು ಶಾಲೆಗೆ ಹೋದವಳಿಗೆ 'ಬಿದ್ದಳು' ಅನ್ನೋಕೆ ಬರಲಿಲ್ಲ. ಅವ್ವ ಹೋದರೆ ನನಗೆ ಮಾತು ಬಾರದ್ದಕ್ಕೇ ಹೋದಳು ಅಂತ ಅನಿಸಿತು. ಇದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಅವ್ವನಿಗೂ. ಈಗಲೂ ಕೈ ನಡುಗುತ್ತೆ.

ಬರಿಗಾಲಲ್ಲಿ ಮೇಲಿನ ಮಹಡಿಗೆ ಓಡಿದೆ. ಬಾಗಿಲು ತೆರೆದವರು ತೆಯ್ಜೆ. ತುರ್ಕಿಯವರು. ತಾಯಿಯ ಅಕ್ಕತಂಗಿಯರನ್ನ ಅವರಲ್ಲಿ ಹಾಗೆ ಕರೆಯುತ್ತಾರೆ. ನನ್ನ ಮುಖ ನೋಡಿದವರೇ ಕೆಳಗಿಳಿದು ಬಂದರು, ಫೋನ್ ಎತ್ತಿ ವಿಳಾಸ ಹೇಳಿದರು. ಆಂಬುಲೆನ್ಸ್ ಹೋದ ಮೇಲೆ ನನ್ನನ್ನ ತಮ್ಮ ಅಡುಗೆಮನೆಗೆ ಕರೆದೊಯ್ದರು.

ಒಂದರ ಮೇಲೊಂದು ಇಟ್ಟ ಎರಡು ಕಿಟಲಿ. ನಡು ಸಣ್ಣದಿರೋ ಪುಟ್ಟ ಗ್ಲಾಸು. 'ಚಾಯ್' ಅಂದರು. 'ಚಾ' ಅಂದೆ. ಕೈ ತೊಳೆಯೋಕೆ ಕೊಟ್ಟದ್ದು 'ಸಾಬುನ್'. ಕಿಟಕಿಯಾಚೆ ಬೀಳುತ್ತಿದ್ದ ಹಿಮ ತೋರಿಸಿ 'ಹವಾ' ಅಂದರು. ನಮ್ಮ ಹವಾನೇ! ಪಾರಸಿ, ಉರ್ದು ಮಾತು ಆದಿಲ್‌ಶಾಹಿಗಳ ಈ ಊರಿಗೆ ಹೇಗೆ ಬಂದವು ಅಂತ ಓದಿದ್ದು ಬಹಳ ವರ್ಷದ ಮೇಲೆ. ಅವತ್ತು ಮಾತ್ರ ಯಾರೋ ನಮ್ಮ ಓಣಿಯವರೇ ಸಿಕ್ಕ ಹಾಗಾಯಿತು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಬೆಳಗಾಗಿ ಅವ್ವ ಹುಷಾರಾಗಿದ್ದಾಳೆ ಅಂತ ಫೋನ್ ಬರೋವರೆಗೂ ತೆಯ್ಜೆ ಕಣ್ಣು ಮುಚ್ಚಲಿಲ್ಲ.

ಆಮೇಲೆ ದಿನಾ ಸಂಜೆ ಅವರ ಮನೆಯೇ ನನ್ನ ಶಾಲೆ. 1961ರಲ್ಲಿ ಪಶ್ಚಿಮ ಜರ್ಮನಿ ಕೆಲಸಗಾರರಿಗಾಗಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತಲ್ಲ, ಆ ದಾರಿಯಲ್ಲಿ 1971ರಲ್ಲಿ ಬಂದವರು ಅವರು. ಕಾರ್ಖಾನೆಯಲ್ಲಿ ಮಷಿನ್ ಮುಂದೆ ನಿಂತೇ ಭಾಷೆ ಕಲಿತದ್ದು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಸುತ್ತಿದ್ದರು. ಒಂದು ನಾಮಪದವನ್ನೂ ಒಂಟಿಯಾಗಿ ಕಲಿಯಗೊಡಲಿಲ್ಲ, ಮುಂದೆ ಅದರ ಲಿಂಗ ತೋರಿಸೋ ಡೆರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕಲಿಂಗ) ಇರಲೇಬೇಕು. ನಮ್ಮಲ್ಲಿ ಕೂಸು 'ಅದು', ಅಲ್ಲಿ ಹುಡುಗಿಯೂ 'ಅದು': ಡಾಸ್ ಮೇಡ್‌ಶೆನ್. 'ವೈಲ್', ಅಂದ್ರೆ 'ಯಾಕಂದ್ರೆ', ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತೆ. ತರಗತಿಯಲ್ಲಿ ಎಲ್ಲರೂ ಇಲ್ಲೇ ತಪ್ಪುತ್ತಿದ್ದರು, ನಾನು ತಪ್ಪಲಿಲ್ಲ. ಕನ್ನಡದಲ್ಲೂ ತುರ್ಕಿಯಲ್ಲೂ ಅದರ ಜಾಗ ಕೊನೆಯಲ್ಲೇ ಅಲ್ವಾ? ಅವರು ಹೇಳಿಕೊಟ್ಟ ಮೊದಲ 'ವೈಲ್' ವಾಕ್ಯ: ವೈಲ್ ಇಶ್ ಆಂಗ್ಸ್ಟ್ ಹಾಬೆ. ಯಾಕಂದ್ರೆ ನನಗೆ ಹೆದರಿಕೆ ಆಗಿದೆ.

ತೆಯ್ಜೆ, ಆ ರಾತ್ರಿ ನನ್ನ ಬಾಯಲ್ಲಿ ಇಲ್ಲದ ಮಾತನ್ನ ನೀವು ಆಡಿದಿರಿ. ಆಮೇಲೆ ಅದನ್ನ ನನ್ನ ಬಾಯಿಗೂ ಕೊಟ್ಟಿರಿ. ಈ ಬರಹ ನಿಮಗೆ ಓದೋಕೆ ಬರಲ್ಲ. ಬಂದು ನಾನೇ ಓದಿ ಹೇಳುತ್ತೇನೆ.

ಸೋಮವಾರ ಹೊರಡುತ್ತಿದ್ದೇನೆ. ಅವ್ವ ನಿಮಗಂತ ಶೇಂಗಾ ಹೋಳಿಗೆ ಕಟ್ಟಿಟ್ಟಿದ್ದಾಳೆ. ಹೋಳಿಗೆಗೆ ಡೆರ್ ಹಚ್ಚಬೇಕೋ ಡೀ ಹಚ್ಚಬೇಕೋ ಅಂತ ಹೋದ ಸಲ ಕೇಳಿದ್ದಿರಿ. ಚಹಾ ಇಟ್ಟಿರಿ, ಕೂತು ತೀರ್ಮಾನ ಮಾಡೋಣ.