ವಾರ್ಡಿಗೆ ಬಂದ ಆ ಡಾಕ್ಟರಮ್ಮನಿಗೆ

ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮನಿಗೆ ಮರೆವಿನ ಕಾಯಿಲೆ, ಡಿಮೆನ್ಶಿಯಾ. ಮೊದಲು ಮಲಯಾಳಂ ಚೆನ್ನಾಗಿ ಬರುತ್ತಿತ್ತು, ಈಗ ಉಳಿದಿರುವುದು ಕನ್ನಡ ಮಾತ್ರ. ಕಾಸರಗೋಡಿನ ಆಸ್ಪತ್ರೆಗೆ ಸೇರಿಸಿದ ರಾತ್ರಿ ಒಂದು ಗಳಿಗೆ ನಿದ್ದೆ ಮಾಡಲಿಲ್ಲ. ಡ್ರಿಪ್ಸ್ ಸೂಜಿ ಕಿತ್ತರು. ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಿ ಅಲ್ಲಿನ ಪ್ರಸಾದದ ಸಿಹಿ ತಿಂಡಿ 'ಅಪ್ಪ' ತರಬೇಕು ಅಂತ ಒಂದೇ ಹಠ. ಬೆಳಗಾಗುವಾಗ ನನಗೆ ಅಳುವೇ ಬಂದಿತ್ತು.

ಆಗ ನೀವು ಐದಾರು ವಿದ್ಯಾರ್ಥಿಗಳ ಜೊತೆ ಬಂದಿರಿ. ಒಬ್ಬ ಹುಡುಗ ನಿಂತುಕೊಂಡೇ ಮಲಯಾಳಂನಲ್ಲಿ ಇವತ್ತು ಯಾವ ವಾರ ಅಂತ ಕೇಳಿದ. ಅಮ್ಮ ಮುಖ ತಿರುಗಿಸಿದರು. ನೀವು ಅವನನ್ನು ಗದರಲಿಲ್ಲ. ಸ್ಟೂಲ್ ಎಳೆದುಕೊಂಡು ಅಮ್ಮನ ಎದುರಿಗೆ ಕೂತಿರಿ. "ಮಧೂರಿನ ಅಪ್ಪ ಅಂದ್ರೆ ಇಷ್ಟವಾ ಅಮ್ಮ?" ಅಂತ ಕನ್ನಡದಲ್ಲಿ ಕೇಳಿ, ಸುಮ್ನೆ ಕಾದಿರಿ. ತುಂಬಾ ಹೊತ್ತು ಕಾದಿರಿ. ಅಮ್ಮ ನಿಧಾನಕ್ಕೆ ಬೆರಳು ಮಡಚತೊಡಗಿದರು: "ಅಕ್ಕಿ, ಬೆಲ್ಲ, ಕಾಯಿ, ತುಪ್ಪ..." ಇನ್ನೊಂದು ಕೈ ನಿಮ್ಮ ಕೈಯಲ್ಲಿತ್ತು.

ಆಮೇಲೆ ವಿದ್ಯಾರ್ಥಿಗಳಿಗೆ ಹೇಳಿದಿರಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ತಪ್ಪು ಹೇಳಿದರೆ ತಿದ್ದಲು ಹೋಗಬೇಡಿ. ಗೊಂದಲ ದಿಢೀರನೆ ಜಾಸ್ತಿಯಾದರೆ ಮರೆವಿನ ಲೆಕ್ಕಕ್ಕೆ ಹಾಕಬೇಡಿ, ಮೂತ್ರದ ಸೋಂಕು, ಮಲಬದ್ಧತೆ, ನೋವು ಇದೆಯಾ ನೋಡಿ. ಅಮ್ಮನಿಗೆ ಇದ್ದದ್ದು ಮೂತ್ರದ ಸೋಂಕೇ. "ವಯಸ್ಸಾಯ್ತಲ್ವಾ" ಅನ್ನುವ ಮಾತನ್ನೇ ಕೇಳಿ ಸಾಕಾಗಿದ್ದ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಸಂಜೆ ಆ ಹುಡುಗ ಒಬ್ಬನೇ ಬಂದ. ಸ್ಟೂಲ್ ಎಳೆದು ಎದುರಿಗೆ ಕೂತು, ಅರ್ಧಂಬರ್ಧ ಕನ್ನಡದಲ್ಲಿ "ಊಟ ಆಯ್ತಾ ಅಮ್ಮ?" ಅಂದ.

"ಆಯ್ತು ಮಗಾ, ನಿಂದು?" ಅಂದರು ಅಮ್ಮ.

ಥ್ಯಾಂಕ್ಸ್ ಮೇಡಂ.